ಪದಚರ್ಚೆ: ರೋಮ್ ಮೇಲೆ ಸ್ಪೇನಿಗಿದ್ದದ್ದು ಆಧಿಪತ್ಯವೋ, ಮುಲಾಜೋ, ಹಂಗೋ?

ಗೆಳೆಯರಿಗೆ ನಮಸ್ಕಾರ.

16 ಮತ್ತು 17ನೇ ಶತಮಾನಗಳಲ್ಲಿ ಸ್ಪೇನಿನ ದೊರೆಗಳಿಗೂ ಪೋಪರ ರೋಮ್ ನಗರಕ್ಕೂ ಇದ್ದ ನಂಟಿನ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಆ ನಂಟಿಗೆ ಸರಿಯಾದ ಕನ್ನಡ ಪದ ಬೇಕು. ಪಠ್ಯಪುಸ್ತಕದ ರೂಢಿಯಂತೆ ‘ಆಧಿಪತ್ಯ’ ಎಂದರೆ ಸುಳ್ಳಾಗುತ್ತದೆ. ‘ಪ್ರಭಾವ’ ಎಂದರೆ ಏನನ್ನೂ ಹೇಳಿದಂತಾಗುವುದಿಲ್ಲ.

ಸಂಗತಿ ಹೀಗಿದೆ. ಫ್ರಾನ್ಸಿನೊಡನೆ ಆದ 1559ರ ಶಾಂತಿ ಒಪ್ಪಂದದ ಹೊತ್ತಿಗೆ ರೋಮಿನ ದಕ್ಷಿಣಕ್ಕೆ ನೇಪಲ್ಸ್ ಮತ್ತು ಸಿಸಿಲಿ, ಉತ್ತರಕ್ಕೆ ಮಿಲಾನ್, ಎಲ್ಲವೂ ಸ್ಪೇನಿನ ದೊರೆ ಎರಡನೇ ಫಿಲಿಪ್‌ನ ಕೈಯಲ್ಲಿದ್ದವು. ರೋಮ್ ಮಾತ್ರ ಅವನದಲ್ಲ. ಅಲ್ಲಿ ಪೋಪರೇ ಗುರು, ಪೋಪರೇ ಅರಸು. ಕಾನೂನಿನ ಲೆಕ್ಕದಲ್ಲಂತೂ ಸಂಬಂಧ ತಲೆಕೆಳಗಾಗಿತ್ತು. ನೇಪಲ್ಸ್ ರಾಜ್ಯ ಪೋಪರಿಂದ ಪಡೆದ ಉಂಬಳಿಯಾದ್ದರಿಂದ, ಪ್ರತಿವರ್ಷ ಜೂನ್ 29ರ ಸಂತ ಪೇತ್ರ-ಪೌಲರ ಹಬ್ಬದ ಹೊತ್ತಿಗೆ ಫಿಲಿಪ್‌ನ ಪರವಾಗಿ ಒಂದು ಬಿಳಿ ಕುದುರೆಯನ್ನೂ 7000 ಡುಕಾಟ್ ಹಣವನ್ನೂ ಪೋಪರಿಗೆ ಒಪ್ಪಿಸಬೇಕಿತ್ತು. ಇದಕ್ಕೆ ನಾನು ‘ಕಪ್ಪಕಾಣಿಕೆ’ ಎಂದು ಬರೆದಿದ್ದೇನೆ. ಬರಿಯ ‘ಕಪ್ಪ’ ಎಂದರೆ ಕೊಡುವವನು ಬಡಪಾಯಿ ಸಾಮಂತನಂತೆ ಕಾಣುತ್ತಾನೆ. ಬರಿಯ ‘ಕಾಣಿಕೆ’ ಎಂದರೆ ಕೊಡಲೇಬೇಕೆಂಬ ಕಟ್ಟು ಮರೆಯಾಗುತ್ತದೆ. ಜೋಡಿಪದ ಎರಡನ್ನೂ ಉಳಿಸಿಕೊಳ್ಳುತ್ತದೆ ಎಂದು ನನ್ನ ಎಣಿಕೆ.

‘ಅಧೀನ’ವೂ ಒಗ್ಗುವುದಿಲ್ಲ. 1527ರಲ್ಲಿ ಫಿಲಿಪ್‌ನ ತಂದೆ, ಸಾಮ್ರಾಟ ಐದನೇ ಚಾರ್ಲ್ಸ್‌ನ ಸಂಬಳ ಕಾಣದ ಸೈನಿಕರು ರೋಮನ್ನು ಸೂರೆಗೈದದ್ದು ನಿಜ. ಆದರೆ 1557ರಲ್ಲಿ, ನಾಲ್ಕನೇ ಪೌಲ್ ಪೋಪರೊಡನೆ ನಡೆದ ಯುದ್ಧದಲ್ಲಿ ಮೇಲುಗೈ ಪಡೆದ ಮೇಲೂ, ಸ್ಪೇನಿನ ದಂಡನಾಯಕ ಆಲ್ಬಾ ರೋಮಿಗೆ ಹೋಗಿ ಅದೇ ಪೋಪರ ಮುಂದೆ ಮಂಡಿಯೂರಿ ಕ್ಷಮೆ ಬೇಡಿದ. ಗೆದ್ದವನು ಸೋತವನ ಕಾಲಿಗೆ ಬೀಳುವ ಕಡೆ ‘ಅಧೀನ’ ಎಂಬ ಮಾತಿಗೆ ಅರ್ಥವೇ ಉಳಿಯದು.

ಆಮೇಲಿನ ದಶಕಗಳಲ್ಲಿ ಸ್ಪೇನ್ ಹಿಡಿದದ್ದು ಬೇರೆ ದಾರಿ. ತನ್ನ ಶ್ರೀಮಂತ ಬಿಷಪ್ ಪೀಠಗಳ ಆದಾಯದಿಂದ, ಪೋಪರನ್ನು ಆರಿಸುವ ರೋಮಿನ ಕಾರ್ಡಿನಲ್‌ಗಳಿಗೆ ವರ್ಷಾಶನ ಕೊಡಿಸಿತು. ಪೋಪರ ಅಣ್ಣತಮ್ಮಂದಿರ ಮಕ್ಕಳಿಗೆ ಪದವಿ, ಜಹಗೀರು ಸಿಕ್ಕವು. ಬರಗಾಲದಲ್ಲಿ ರೋಮಿನ ರೊಟ್ಟಿಗೆ ಸಿಸಿಲಿಯ ಗೋಧಿ ಬೇಕಿತ್ತು; ಅದನ್ನು ಹೊರಗೆ ಬಿಡುವ ಅಪ್ಪಣೆ ಸ್ಪೇನಿನ ಅಧಿಕಾರಿಗಳದು. ಪ್ರತಿಯಾಗಿ ಪೋಪರು ಸ್ಪೇನಿನ ಪಾದ್ರಿಗಳ ಆದಾಯದ ಮೇಲೆ ದೊರೆ ತೆರಿಗೆ ಎತ್ತಲು ಅನುಮತಿ ಕೊಡುತ್ತಿದ್ದರು. 1590ರ ಕೊನೆಯಲ್ಲಿ ಹೊಸ ಪೋಪರ ಆಯ್ಕೆ ನಡೆದಾಗ ರಾಯಭಾರಿ ಒಲಿವಾರೆಸ್, ತನ್ನ ದೊರೆಗೆ ಒಪ್ಪಿಗೆಯಾಗುವ ಏಳು ಜನರ ಪಟ್ಟಿಯನ್ನೇ ಮುಂದಿಟ್ಟ. ಗೆದ್ದವರು, ಅಂದರೆ ಹದಿನಾಲ್ಕನೇ ಗ್ರೆಗೊರಿ, ಆ ಪಟ್ಟಿಯಲ್ಲಿದ್ದವರೇ.

ಹಾಗೆಂದು ಎಲ್ಲ ಸಲವೂ ಕೆಲಸ ಕೈಗೂಡಲಿಲ್ಲ. ಸ್ಪೇನ್ ಬೇಡವೆಂದರೂ ಎಂಟನೇ ಕ್ಲೆಮೆಂಟ್ ಪೋಪರು 1595ರಲ್ಲಿ ಮೊದಲು ಪ್ರಾಟೆಸ್ಟಂಟನಾಗಿದ್ದ ಫ್ರಾನ್ಸಿನ ದೊರೆ ನಾಲ್ಕನೇ ಹೆನ್ರಿಯನ್ನು ಮನ್ನಿಸಿ ಚರ್ಚಿನೊಳಗೆ ಸೇರಿಸಿಕೊಂಡರು. 1632ರಲ್ಲಿ ಸ್ಪೇನಿನ ಕಾರ್ಡಿನಲ್ ಬೋರ್ಹಾ ಎಂಟನೇ ಅರ್ಬನ್ ಪೋಪರನ್ನು ತುಂಬಿದ ಸಭೆಯಲ್ಲೇ ತರಾಟೆಗೆ ತೆಗೆದುಕೊಂಡದ್ದೂ, ಪೋಪರು ಫ್ರಾನ್ಸಿನ ಕಡೆ ವಾಲಿದ್ದಾರೆಂಬ ಸಿಟ್ಟಿನಿಂದ.

ಇದಕ್ಕೆಲ್ಲ ಒಪ್ಪುವ ಪದ ‘ಹಂಗು’ ಎಂದು ನನಗೆ ಬಲವಾಗಿ ಅನಿಸುತ್ತದೆ. ಉಂಡದ್ದಕ್ಕೆ ತಲೆಬಾಗಬೇಕಾದ ಕಟ್ಟು ಅದರಲ್ಲಿದೆ. ಮನಸ್ಸು ಮಾಡಿದರೆ ಹರಿದುಕೊಳ್ಳಬಹುದು ಎಂಬುದೂ ಇದೆ. ‘ಹಂಗು ತೊರೆದರು’ ಎಂದರೆ ಕ್ಲೆಮೆಂಟ್ ಮಾಡಿದ್ದು ಒಂದೇ ಮಾತಿನಲ್ಲಿ ತಿಳಿಯುತ್ತದೆ. ‘ಮುಲಾಜು’ ಹತ್ತಿರ ಬರುತ್ತದೆ, ಆದರೆ ಅದು ಇಬ್ಬರು ವ್ಯಕ್ತಿಗಳ ನಡುವಿನ ಸಂಕೋಚಕ್ಕೆ ಚೆನ್ನ. ಇಡೀ ನಗರ, ಇಡೀ ಪೀಠ ಒಂದು ಸಾಮ್ರಾಜ್ಯದ ಮುಲಾಜಿನಲ್ಲಿತ್ತು ಎಂದರೆ ಮಾತು ಹಗುರಾಗುತ್ತದೆ. ‘ದಾಕ್ಷಿಣ್ಯ’ದಲ್ಲಿ ಹಣಕಾಸಿನ ವಾಸನೆಯೇ ಇಲ್ಲ.

ತೊಡಕು ಒಂದಿದೆ. ‘ಹಂಗು’ ಪಡೆದವನ ಕಡೆಯಿಂದ ಹೇಳುವ ಪದ. ‘ರೋಮ್ ಸ್ಪೇನಿನ ಹಂಗಿನಲ್ಲಿತ್ತು’ ಎಂಬುದು ಸಲೀಸು. ನನ್ನ ಲೇಖನದಲ್ಲಿ ಕರ್ತೃ ಸ್ಪೇನ್. ಯೋಜನೆ ಹಾಕಿ ಕೊಟ್ಟವನು ಅದರ ದೊರೆ. ‘ಹಂಗಿನಲ್ಲಿಟ್ಟುಕೊಂಡಿತ್ತು’, ‘ಹಂಗಿಗೆ ಕೆಡವಿತು’ ಎಂದೆಲ್ಲ ಬರೆದು ನೋಡಿದೆ. ಮೊದಲನೆಯದು ನಿಂತ ನೀರಿನಂತಿದೆ. ಎರಡನೆಯದರಲ್ಲಿ ಮೋಸದ ಛಾಯೆ ಹೆಚ್ಚು. ರೋಮಿನವರು ತಿಳಿದೇ, ಎಷ್ಟೋ ಸಲ ತಾವಾಗಿ ಕೇಳಿಯೇ ಪಡೆದಿದ್ದರು.

ಕೊಡುವವನ ಕಡೆಯಿಂದ ಹೇಳುವ ಕ್ರಿಯಾಪದ ನಿಮ್ಮ ಸೀಮೆಯ ಆಡುಮಾತಿನಲ್ಲಿ ಇದೆಯೇ? ಧಾರವಾಡ, ಕಲಬುರಗಿ ಕಡೆಯವರೂ ಹಳಗನ್ನಡ ಓದಿದವರೂ ದಯವಿಟ್ಟು ಬಳಕೆಯ ವಾಕ್ಯದೊಂದಿಗೆ ತಿಳಿಸಿ. ಜೊತೆಗೆ, ಪೋಪರ ಆಯ್ಕೆಯಲ್ಲಿ ‘ಇಂಥವರು ಬೇಡ’ ಎನ್ನಲು ದೊರೆಗಳಿಗಿದ್ದ ಹಕ್ಕಿಗೆ ‘ತಡೆಹಕ್ಕು’ ಎಂದು ಬಳಸಿದ್ದೇನೆ. ಅದು ಓದುಗರಿಗೆ ಥಟ್ಟನೆ ತಿಳಿಯುತ್ತದೆಯೇ, ಅದನ್ನೂ ಹೇಳಿ.