ಹಣೆಯಲ್ಲಿ 85, ಬೆರಳಿನಲ್ಲಿ 97: ಯಾವುದನ್ನು ನಂಬಬೇಕು?

ಡಾಕ್ಟರ್: ಎಲ್ಲರಿಗೂ ನಮಸ್ಕಾರ. ನಾನು ಅರಿವಳಿಕೆ ತಜ್ಞೆ, ಐಸಿಯುನಲ್ಲೂ ಕೆಲಸ ಮಾಡುತ್ತೇನೆ. ರಕ್ತದಲ್ಲಿ ಆಕ್ಸಿಜನ್ ಶೇಕಡಾ ಎಷ್ಟಿದೆ ಅಂತ ತೋರಿಸುವ, ಹಣೆಗೆ ಹಾಕುವ ಸೆನ್ಸರ್ ಬಗ್ಗೆ ತುಂಬಾ ಜನ ಕೇಳಿದ್ದಿರಿ. ಈಗ ಒಂದು ಗಂಟೆ ಇಲ್ಲಿರುತ್ತೇನೆ, ಕೇಳಿ.

ಧಾರವಾಡದ ಸೊಸೆ: ಮೇಡಂ, ನಮ್ಮತ್ತೆ ಐಸಿಯುನಲ್ಲಿದ್ದಾರೆ. ಬೆರಳಿನ ಕ್ಲಿಪ್ ತೆಗೆದು ಹಣೆಗೆ ಪಟ್ಟಿ ಕಟ್ಟಿದ್ದಾರೆ. ಕೈಮೀರಿತು ಅಂತ ಅರ್ಥಾನಾ?

ಡಾಕ್ಟರ್: ಅದೊಂದರಿಂದಲೇ ಹಾಗೆ ಅಂದುಕೊಳ್ಳಬೇಡಿ. ಬಿಪಿ ಇಳಿದಾಗ, ಮೈ ತಣ್ಣಗಾದಾಗ ಬೆರಳಿನ ರಕ್ತನಾಳಗಳು ಬಿಗಿಯುತ್ತವೆ. ಆಗ ಮಷಿನ್‌ಗೆ ಅಲ್ಲಿ ನಾಡಿ ಸಿಗುವುದಿಲ್ಲ. ಹುಬ್ಬಿನ ಮೇಲಿನ ಚರ್ಮಕ್ಕೆ ರಕ್ತ ಬರುವುದು ಮಿದುಳಿಗೆ ಹೋಗುವ ದೊಡ್ಡ ನಾಳದ ಕವಲಿನಿಂದ. ಅದು ಅಷ್ಟು ಸುಲಭಕ್ಕೆ ಬಿಗಿಯುವುದಿಲ್ಲ. ಕೈ ತಣ್ಣಗಿದ್ದಾಗ ಆಕ್ಸಿಜನ್ ಇಳಿದರೆ ಬೆರಳಿಗಿಂತ ಮೊದಲು ಹಣೆಯಲ್ಲಿ ಗೊತ್ತಾಗುತ್ತದೆ. ಅತ್ತೆಯ ಬಿಪಿ ಹೇಗಿದೆ ಅಂತ ಅಲ್ಲಿನ ಡಾಕ್ಟರನ್ನೇ ಕೇಳಿ.

ಬಯಲುಸೀಮೆ: ಮನೇಲಿರೋ ಬೆರಳಿನ ಕ್ಲಿಪ್ಪನ್ನೇ ಹಣೆಗೆ ಒತ್ತಿ ಹಿಡಿದರೆ ಆಗಲ್ವಾ?

ಡಾಕ್ಟರ್: ಆಗಲ್ಲ. ಕ್ಲಿಪ್‌ನಲ್ಲಿ ಬೆಳಕು ಬೆರಳನ್ನು ತೂರಿ ಆಚೆ ಕಡೆ ಬರಬೇಕು. ಹಣೆಯ ಸೆನ್ಸರ್‌ನಲ್ಲಿ ಬೆಳಕು ಬಿಡುವುದು, ಮರಳಿ ಬಂದದ್ದನ್ನು ಹಿಡಿಯುವುದು ಎರಡೂ ಒಂದೇ ಪಕ್ಕದಲ್ಲಿ ಇರುತ್ತವೆ. ಎರಡೂ ಬೇರೆ ಬೇರೆ ಸಾಮಾನು.

ಅಜ್ಜಿ ಮೊಮ್ಮಗಳು: ನಮ್ಮಜ್ಜಿ ವಿಭೂತಿ ಅಳಿಸೋಕೆ ಬಿಡಲ್ಲ. ಅದರ ಮೇಲೇ ಅಂಟಿಸಬಹುದಾ?

ಡಾಕ್ಟರ್: ಬೇಡ. ಪುಡಿ ಬೆಳಕಿಗೆ ಅಡ್ಡ ಬರುತ್ತದೆ, ಅಂಟೂ ಹಿಡಿಯುವುದಿಲ್ಲ. ಆದರೆ ಸೆನ್ಸರ್ ಕೂರುವುದು ನಡುಹಣೆಯಲ್ಲಲ್ಲ. ಒಂದು ಹುಬ್ಬಿನ ಮೇಲೆ, ಕಣ್ಣುಗುಡ್ಡೆಯ ನೇರಕ್ಕೆ. ಅಷ್ಟು ಜಾಗ ಮಾತ್ರ ಒರೆಸಿ, ನಡುವಿನದು ಇರಲಿ. ಅಜ್ಜಿಗೆ ಹೀಗೆ ಹೇಳಿ ನೋಡಿ, ಒಪ್ಪಬಹುದು.

ಹಾಸನದ ಹುಡುಗ: ಮೇಡಂ, ಅಪ್ಪನಿಗೆ 68. ಬೀಡಿ ಸೇದಿ ಸಿಒಪಿಡಿ ಆಗಿದೆ, ಅದೇ ಉಸಿರು ಕಟ್ಟೋ ಹಳೇ ಶ್ವಾಸಕೋಶದ ಕಾಯಿಲೆ. ಮನೆಯಲ್ಲಿ ಗಾಳಿಯಿಂದ ಆಕ್ಸಿಜನ್ ತೆಗೆದು ಕೊಡೋ ಕಾನ್ಸಂಟ್ರೇಟರ್ ಮಷಿನ್ ಇದೆ, ನಿಮಿಷಕ್ಕೆ 1 ಲೀಟರ್ ಅಂತ ಡಾಕ್ಟರ್ ಬರೆದಿದ್ದಾರೆ. ಮಾನಿಟರ್ ಬಾಡಿಗೆಗೆ ತಂದು ಹಣೆಯ ಸೆನ್ಸರ್ ಹಾಕಿದ್ವಿ. ಪಟ್ಟಿ ಕಟ್ಟಿ ಹಣೆ ಕೆಂಪಾಯ್ತು ಅಂತ ಅಮ್ಮ ಅದನ್ನು ತೆಗೆದು ಬರೀ ಟೇಪ್ ಹಾಕಿದ್ರು. 85 ತೋರಿಸ್ತು. ಹೆದರಿ ನಿನ್ನೆಯಿಂದ 5 ಲೀಟರ್ ಕೊಡ್ತಿದ್ದೀವಿ. ಈಗಲೂ ಹಣೆಯಲ್ಲಿ 85, ಬೆರಳಿನಲ್ಲಿ 97. ಯಾವುದು ಸರಿ? ಅಪ್ಪ ಆರಾಮಾಗಿ ನಿದ್ದೆ ಮಾಡ್ತಿದ್ದಾರೆ.

ಡಾಕ್ಟರ್: ಕೈ ಬೆಚ್ಚಗಿದೆಯಾ? ಕಾಲು ಬಾತಿದೆಯಾ? ಎಬ್ಬಿಸಿದರೆ ಸರಿಯಾಗಿ ಮಾತಾಡುತ್ತಾರಾ? ಬೇಗ ಹೇಳಿ.

ಬೆಳಗಾವಿ ಕಾಕಾ: ಕರ್ಪೂರ, ಓಮ, ಲವಂಗ, ನೀಲಗಿರಿ ಎಣ್ಣೆ ಬಟ್ಟೆಯಲ್ಲಿ ಕಟ್ಟಿ ಮೂಸಿರಿ. ಹತ್ತೇ ನಿಮಿಷದಲ್ಲಿ ಆಕ್ಸಿಜನ್ ಏರುತ್ತದೆ. ಎಲ್ಲರಿಗೂ ಕಳಿಸಿರಿ.

ಹಾಸನದ ಹುಡುಗ: ಕೈ ಬೆಚ್ಚಗಿದೆ. ಕಾಲು ಒಂದು ತಿಂಗಳಿಂದ ಬಾತಿದೆ. ಎಬ್ಬಿಸಿದರೆ ಕಣ್ಣು ಬಿಟ್ಟು, ಏನೋ ತೊದಲಿ ಮತ್ತೆ ಮಲಗ್ತಾರೆ. ಬೆಳಿಗ್ಗೆ ತಲೆನೋವು ಅಂದಿದ್ರು.

ಡಾಕ್ಟರ್: ಈಗಲೇ 108ಕ್ಕೆ ಫೋನ್ ಮಾಡಿ. ಅದು ಆರಾಮದ ನಿದ್ದೆ ಅಲ್ಲ. ಆಕ್ಸಿಜನ್ ಪೂರ್ತಿ ನಿಲ್ಲಿಸಬೇಡಿ, ಬರೆದುಕೊಟ್ಟ 1 ಲೀಟರ್‌ಗೆ ಇಳಿಸಿ. ತಲೆ ಕಡೆ ಎತ್ತರ ಮಾಡಿ ಕೂರಿಸಿ. ಬೆರಳಿನ ನಂಬರ್ ನೋಡುತ್ತಾ ಇರಿ. ಫೋನ್ ಆದ ಮೇಲೆ ಮುಂದಿನದನ್ನು ಓದಿ.

ಮಷಿನ್ ನೋಡುವುದು ಮಿಡಿಯುವ ರಕ್ತವನ್ನು. ಮಿಡಿಯುವುದೆಲ್ಲ ಹೃದಯದಿಂದ ಬಂದ ಒಳ್ಳೆಯ ರಕ್ತ ಅಂತ ಅದು ಲೆಕ್ಕ ಹಾಕುತ್ತದೆ. ಹಣೆಯಲ್ಲಿ ಹೃದಯಕ್ಕೆ ಮರಳುವ ನಾಳಗಳೂ ಇವೆ. ಪಟ್ಟಿಯ ಹದವಾದ ಒತ್ತಡ ಅಲ್ಲಿ ರಕ್ತ ನಿಲ್ಲದಂತೆ ನೋಡಿಕೊಳ್ಳುತ್ತದೆ. ಪಟ್ಟಿ ತೆಗೆದರೆ ಆ ರಕ್ತವೂ ಮಿಡಿಯಬಹುದು. ಅದರಲ್ಲಿ ಆಕ್ಸಿಜನ್ ಕಡಿಮೆ. ಎರಡೂ ಸೇರಿ ನಂಬರ್ ಸುಳ್ಳೇ ಇಳಿಯುತ್ತದೆ. ಚಪ್ಪಟೆ ಮಲಗಿದರೆ, ತಲೆ ತಗ್ಗಿನಲ್ಲಿದ್ದರೆ ಇನ್ನೂ ಜಾಸ್ತಿ. ನಿಮ್ಮಪ್ಪನ ಕಾಲು ಬಾತಿದೆ. ಶ್ವಾಸಕೋಶದ ಕಾಯಿಲೆಯಿಂದ ಹೃದಯದ ಬಲಭಾಗ ಸೋತಿರಬಹುದು. ಹಾಗಿದ್ದರೆ ಕುತ್ತಿಗೆ, ಹಣೆಯ ನಾಳಗಳಲ್ಲಿ ಮಿಡಿತ ಹೆಚ್ಚಿರುತ್ತದೆ. ಬೆಚ್ಚಗಿನ ಕೈಯಲ್ಲಿ ಬಂದ 97ನ್ನು ನಾನು ನಂಬುತ್ತೇನೆ.

ಆದರೆ ಅವರಿಗೆ 97 ಬೇಡವೇ ಬೇಡ. ಇಂಥವರಿಗೆ ನಾವು ಇಟ್ಟುಕೊಳ್ಳುವ ಗುರಿ 88ರಿಂದ 92. ಅದಕ್ಕಿಂತ ಹೆಚ್ಚು ಆಕ್ಸಿಜನ್ ಕೊಟ್ಟರೆ ಕೆಲವರಲ್ಲಿ ಕಾರ್ಬನ್ ಡೈಆಕ್ಸೈಡ್ ಒಳಗೇ ಉಳಿಯುತ್ತದೆ. ಮೊದಲು ತಲೆನೋವು, ಆಮೇಲೆ ಮಂಪರು, ಕೊನೆಗೆ ಉಸಿರೇ ಸೋಲುತ್ತದೆ. ಬೆರಳಿನದಾಗಲಿ ಹಣೆಯದಾಗಲಿ, ಯಾವ ಸೆನ್ಸರ್ರೂ ಇದನ್ನು ತೋರಿಸುವುದಿಲ್ಲ. ರಕ್ತ ತೆಗೆದೇ ನೋಡಬೇಕು.

ಹಾಸನದ ಹುಡುಗ: ಫೋನ್ ಮಾಡಿದೆ. ಆಂಬುಲೆನ್ಸ್ ಬರ್ತಿದೆ.

ಡಾಕ್ಟರ್: ಕಾಕಾ, ಆ ಕರ್ಪೂರದ ಮೆಸೇಜ್ ಅಳಿಸಿ. 2021ರಲ್ಲೂ ಇದೇ ಓಡಾಡಿತ್ತು. ಮೂಗಿಗೆ ತಂಪು ಅನಿಸುತ್ತದೆ, ಅಷ್ಟೇ. ರಕ್ತದಲ್ಲಿ ಆಕ್ಸಿಜನ್ ಏರುವುದಿಲ್ಲ. ಮಗು ಚೂರು ಕರ್ಪೂರ ನುಂಗಿದರೂ ಫಿಟ್ಸ್ ಬರಬಹುದು.

ಬೆಳಗಾವಿ ಕಾಕಾ: ನಮ್ಮ ಹಿರಿಯರೆಲ್ಲ ದಡ್ಡರೇನು ಹಾಗಾದರೆ? ನನಗೆ ಅದರಿಂದ 93 ಇದ್ದದ್ದು 97 ಆಗಿತ್ತು.

ಮಂಗಳೂರು ನರ್ಸ್: ಮೂಸುವಾಗ ಉಸಿರು ಉದ್ದ ಎಳೆದಿದ್ದೀರಿ ಕಾಕಾ, ಅದಕ್ಕೆ ಏರಿದ್ದು. ಪೊಟ್ಟಣ ಇಲ್ಲದೆಯೂ ಹಾಗೆ ಉಸಿರಾಡಿ ನೋಡಿ.

ಬೆಳಗಾವಿ ಕಾಕಾ: ನಿನ್ನೆ ಮೊನ್ನೆ ಕೋರ್ಸ್ ಮಾಡಿದವರು ನನಗೆ ಕಲಿಸಬೇಡಿ.

ಮಂಗಳೂರು ನರ್ಸ್: 14 ವರ್ಷ ಐಸಿಯುನಲ್ಲಿ ರಾತ್ರಿ ಪಾಳಿ ಮಾಡಿದ್ದೇನೆ. ಪೊಟ್ಟಣ ಮೂಸುತ್ತಾ ಕೂತು ತಡವಾಗಿ ಬಂದವರನ್ನು ಕಣ್ಣಾರೆ ಕಂಡಿದ್ದೇನೆ.

ತುಮಕೂರು: ಇಬ್ಬರೂ ಬಿಡಿ. ನನ್ನ ಪ್ರಶ್ನೆ ಮೇಲೆ ಹೋಗಿಬಿಡ್ತು. ನವಜಾತ ಶಿಶುವಿಗೆ ಹಣೆಯ ಸೆನ್ಸರ್ ಹಾಕಬಹುದಾ?

ಕೊಡಗಿನವರು: ಬೆರಳಿನ ಕ್ಲಿಪ್ ಹಣೆಗೆ ಹಾಕಬಹುದಾ ಮೇಡಂ?

ಡಾಕ್ಟರ್: ಇಲ್ಲ. ಮೇಲೆ ಓದಿ.

ರಾಯಚೂರು: ಉಗುರಿಗೆ ಮೆಹೆಂದಿ ಇದೆ, ಅದಕ್ಕೆ ಕ್ಲಿಪ್ ಹಣೆಗೆ ಹಾಕಿದ್ವಿ. 99 ಬಂತು. ಸರಿ ಅಲ್ವಾ?

ಡಾಕ್ಟರ್: ಇಲ್ಲ. ಮೂರನೇ ಸಲ ಹೇಳುತ್ತಿದ್ದೇನೆ. ಮೆಹೆಂದಿ ಇಲ್ಲದ ಬೆರಳು ಹುಡುಕಿ.

ಬೆಳಗಾವಿ ಕಾಕಾ: ಹಣೆಯ ಸೆನ್ಸರ್ರೇ ಸುಳ್ಳು ತೋರಿಸುತ್ತೆ ಅಂತ ಡಾಕ್ಟರೇ ಒಪ್ಪಿದರು. ಮತ್ತೆ ಅದನ್ನೇ ಹೊಗಳುತ್ತಾರೆ.

ಡಾಕ್ಟರ್: ಪಟ್ಟಿ ಇಲ್ಲದೆ ಹಾಕಿದರೆ ಸುಳ್ಳು ತೋರಿಸುತ್ತದೆ ಅಂದೆ. ಪೂರ್ತಿ ಓದದೆ ಬರೆಯಬೇಡಿ. ಒಬ್ಬರ ಜೀವದ ಪ್ರಶ್ನೆ ನಡೆಯುತ್ತಿದೆ ಇಲ್ಲಿ. ಅಡ್ಮಿನ್, ಫಾರ್ವರ್ಡ್‌ಗಳನ್ನು ದಯವಿಟ್ಟು ತೆಗೆಯಿರಿ.

ತುಮಕೂರು: ನವಜಾತ ಶಿಶು ಬಗ್ಗೆ ಯಾರಾದರೂ ಹೇಳ್ತೀರಾ?

ಡಾಕ್ಟರ್: ಹಾಸನದವರೇ, ತಲುಪಿದಿರಾ?

ಹಾಸನದ ಹುಡುಗ: ತಲುಪಿದ್ವಿ ಮೇಡಂ. ರಕ್ತ ನೋಡಿದ್ರು, ಕಾರ್ಬನ್ ಡೈಆಕ್ಸೈಡ್ 78 ಅಂತೆ. ಬಿಗಿ ಮಾಸ್ಕ್ ಹಾಕಿದ್ದಾರೆ, ಮಷಿನ್ ಗಾಳಿ ಒತ್ತುತ್ತೆ.

ಡಾಕ್ಟರ್: ಬೈಪ್ಯಾಪ್ ಅದು. ಅವರಿಗೆ ಅದೇ ಬೇಕಿತ್ತು. ಕಾರ್ಬನ್ ಡೈಆಕ್ಸೈಡ್ ಸಾಮಾನ್ಯವಾಗಿ 35ರಿಂದ 45 ಇರಬೇಕು, ಇಳಿಯಲು ಸಮಯ ಬೇಕಾಗುತ್ತದೆ. ನಿನ್ನೆಯಿಂದ 5 ಲೀಟರ್ ಕೊಟ್ಟದ್ದನ್ನು ಅಲ್ಲಿನ ಡಾಕ್ಟರ್‌ಗೆ ಹೇಳಿದಿರಾ?

ಹಾಸನದ ಹುಡುಗ: ಇಲ್ಲ. ಬೈತಾರೆ ಅಂತ ಅಮ್ಮ ಬೇಡ ಅಂದ್ರು.

ಡಾಕ್ಟರ್: ಹೇಳಿ. ಯಾರೂ ಬೈಯುವುದಿಲ್ಲ. ಬೈದರೂ ಹೇಳಿ.

ಹಾಸನದ ಹುಡುಗ: ಒಳಗೆ ಹೋಗ್ತಿದ್ದೀನಿ ಮೇಡಂ.