ನಂಗು ಮೀನಿನ ಯಕೃತ್ತಿನಲ್ಲಿ ಗಂಟು: ಅಳಿವೆಯ ಕೊಳಕು ನೀರು ಕಾರಣವೇ?

ಅಳಿವೆಬದಿ (ಪ್ರಶ್ನೆ):
ನಮ್ಮ ಮನೆಯವರು ಮೂರು ತಲೆಮಾರಿನಿಂದ ಅಳಿವೆಯ ಬಳಿ ಕೈರಂಪಣಿ ಬಲೆ ಎಳೆಯುತ್ತ ಬಂದವರು. ಮಳೆಗಾಲ ಕಳೆದ ಮೇಲೆ ಸಿಕ್ಕಿದ ನಂಗುಗಳನ್ನು ಈ ಬಾರಿ ಶುಚಿಗೊಳಿಸುವಾಗ ಕೆಲವು ಮೀನುಗಳ ಯಕೃತ್ತು ಬಿಳಿಚಿಕೊಂಡು ಅಲ್ಲಲ್ಲಿ ಗಂಟುಗಟ್ಟಿದಂತೆ ಕಂಡಿತು. ಎರಡು ಮೀನುಗಳ ಮೈಮೇಲೆ ಕೆಂಪು ಹುಣ್ಣುಗಳೂ ಇದ್ದವು. ಊರಿನ ಚರಂಡಿ ನೀರು ಮತ್ತು ಕೈಗಾರಿಕೆಗಳ ನೀರು ಹೊಳೆಗೆ ಸೇರುವುದನ್ನು ನಾವು ದಿನವೂ ನೋಡುತ್ತೇವೆ. ಆದರೆ ದೂರು ಹೇಳಿದಾಗಲೆಲ್ಲ "ಮೀನೇನೂ ಸತ್ತು ತೇಲಿಲ್ಲವಲ್ಲ" ಎಂಬ ಉತ್ತರವೇ ಬರುತ್ತದೆ. ಮೀನು ಸಾಯದಿದ್ದರೆ ನೀರು ಚೆನ್ನಾಗಿದೆಯೆಂದು ಅರ್ಥವೇ?

ಮತ್ಸ್ಯಪಾಠಿ:
ಖಂಡಿತ ಅಲ್ಲ. ನಂಗಿನಂತೆಯೇ ಚಪ್ಪಟೆಯಾಗಿ ತಳದ ಕೆಸರಿಗೆ ಅಂಟಿ ಬದುಕುವ ವಿಂಟರ್ ಫ್ಲೌಂಡರ್ ಎಂಬ ಮೀನು 1980ರ ದಶಕದಲ್ಲಿ ಅಮೆರಿಕದ ಬೋಸ್ಟನ್ ಬಂದರಿನಲ್ಲಿ ಸಾಯದೆ ಈಜಾಡಿಕೊಂಡೇ ಇತ್ತು. ಆದರೆ ಹಿಡಿದು ಕೊಯ್ದು ನೋಡಿದಾಗ ಸುಮಾರು ಶೇ 8ರಷ್ಟು ಮೀನುಗಳ ಯಕೃತ್ತಿನಲ್ಲಿ ಗೆಡ್ಡೆಗಳಿದ್ದವು. ಅಲ್ಲಿ ಕೊಳಚೆಯ ಕೆಸರನ್ನು ಬಂದರಿಗೆ ಬಿಡುವುದು 1991ರಲ್ಲಿ ನಿಂತಿತು. 2000ದಲ್ಲಿ, ಶುದ್ಧೀಕರಿಸಿದ ನೀರನ್ನು ಸುಮಾರು 15 ಕಿಲೋಮೀಟರ್ ಉದ್ದದ ಸುರಂಗದ ಮೂಲಕ ಹೊರಕೊಲ್ಲಿಗೆ ಸಾಗಿಸುವ ವ್ಯವಸ್ಥೆ ಆರಂಭವಾಯಿತು. ಅದಾದ ಕೆಲವೇ ವರ್ಷಗಳಲ್ಲಿ ಅಲ್ಲಿನ ಮೀನುಗಳಲ್ಲಿ ಗೆಡ್ಡೆ ಕಾಣುವುದು ಬಹುತೇಕ ನಿಂತೇ ಹೋಯಿತು. ನೀರು ಸುಧಾರಿಸಿದರೆ ಮೀನೂ ಸುಧಾರಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ನನಗೆ ಗೊತ್ತಿಲ್ಲ.

ಗೆಡ್ಡೆ ಹುಟ್ಟುವ ಬಗೆ ಹೀಗಿದೆ. ಡಾಂಬರು, ಹಡಗಿನ ಎಣ್ಣೆ, ಹೊಗೆಯ ಮಸಿ ಇವುಗಳಲ್ಲಿರುವ ಬಹುವಲಯ ಹೈಡ್ರೋಕಾರ್ಬನ್‌ಗಳು ಕೆಸರಿನಲ್ಲಿ ಇಳಿದು, ಅಲ್ಲಿನ ಹುಳುಗಳ ಮೂಲಕ ಮೀನಿನ ಹೊಟ್ಟೆ ಸೇರುತ್ತವೆ. ಅವುಗಳನ್ನು ಹೊರಹಾಕಲೆಂದು ಯಕೃತ್ತು ಒಡೆಯುವಾಗ ನಡುವೆ ಹುಟ್ಟುವ ಕೆಲವು ರಾಸಾಯನಿಕಗಳು ಜೀವಕೋಶದ ಡಿಎನ್‌ಎಗೇ ಅಂಟಿಕೊಳ್ಳುತ್ತವೆ. ರೋಗದ ಬೀಜ ಬೀಳುವುದು ಅಲ್ಲಿ.

ಆದರೂ ನಿಮ್ಮ ಮೀನುಗಳ ಬಗ್ಗೆ ಅವಸರದ ತೀರ್ಮಾನ ಬೇಡ. ಗೆಡ್ಡೆ ಬೆಳೆಯಲು ವರ್ಷಗಳು ಬೇಕು. ಫ್ಲೌಂಡರ್ ಹತ್ತಕ್ಕೂ ಹೆಚ್ಚು ವರ್ಷ ಬದುಕಬಲ್ಲದು, ನಮ್ಮ ನಂಗು ಅಲ್ಪಾಯುಷಿ. ಅದರಲ್ಲಿ ಕಂಡ ಗಂಟು ಪರಾವಲಂಬಿ ಹುಳುವಿನ ಕೋಶವಾಗಿರುವ ಸಾಧ್ಯತೆ ಹೆಚ್ಚು. ಮೇವು ಹೇರಳವಾಗಿ ಸಿಕ್ಕಾಗ ಕೊಬ್ಬು ತುಂಬಿಯೂ ಯಕೃತ್ತು ಬಿಳಿಚಿಕೊಳ್ಳುತ್ತದೆ. ಕೆಂಪು ಹುಣ್ಣಿಗೆ ಬ್ಯಾಕ್ಟೀರಿಯಾ ಕಾರಣವಿರಬಹುದು. ಹಿನ್ನೀರಿನ ಮೀನುಗಳಲ್ಲಾದರೆ, ಮಳೆಯಿಂದ ಉಪ್ಪಿನಂಶ ಇಳಿದಾಗ ತಗಲುವ, ಶಿಲೀಂಧ್ರದಂಥ ಜೀವಿಯೊಂದರ ಸೋಂಕೂ ಇರಬಹುದು. ಸೂಕ್ಷ್ಮದರ್ಶಕದಲ್ಲಿ ನೋಡದೆ ಇವುಗಳನ್ನು ಬೇರ್ಪಡಿಸಲಾಗದು.

ಕಡಲಮನೆ:
ಮೇಲಿನವರ ಮಾತಿಗೆ ಒಂದನ್ನು ಸೇರಿಸುತ್ತೇನೆ. ಹೆಚ್ಚಿನ ಹಾನಿ ನಮ್ಮ ಬಲೆಗೆ ಬೀಳುವ ದೊಡ್ಡ ಮೀನಿಗಲ್ಲ, ಮೊಟ್ಟೆಗೆ ಮತ್ತು ಮರಿಗೆ. 1989ರಲ್ಲಿ ಅಲಾಸ್ಕಾದಲ್ಲಿ ಎಕ್ಸಾನ್ ವಾಲ್ಡೀಜ್ ಹಡಗಿನಿಂದ ಕಚ್ಚಾತೈಲ ಸೋರಿದ ಬಳಿಕ ನಡೆದ ಅಧ್ಯಯನಗಳು, ನೂರು ಕೋಟಿ ಭಾಗ ನೀರಿನಲ್ಲಿ ಕೆಲವೇ ಭಾಗದಷ್ಟು ತೈಲಾಂಶವಿದ್ದರೂ ಭ್ರೂಣದ ಹೃದಯ ಸರಿಯಾಗಿ ಬೆಳೆಯುವುದಿಲ್ಲ ಎಂದು ತೋರಿಸಿಕೊಟ್ಟವು. ಅಂಥ ಮರಿ ಬದುಕಿದರೂ ವೇಗವಾಗಿ ಈಜಲಾರದೆ ಬೇರೆ ಮೀನಿನ ಬಾಯಿಗೆ ಬೀಳುತ್ತದೆ. ಅದರ ಹೆಣ ಎಲ್ಲಿಯೂ ತೇಲುವುದಿಲ್ಲ, ಯಾರ ಲೆಕ್ಕಕ್ಕೂ ಸಿಗುವುದಿಲ್ಲ.

ಇನ್ನೊಂದು ಕಡೆ, ಮೀನು ಸತ್ತು ತೇಲಿದ ಮಾತ್ರಕ್ಕೆ ಕಾರ್ಖಾನೆಯೇ ಕಾರಣವೆನ್ನುವಂತೆಯೂ ಇಲ್ಲ. ಮಳೆಗಾಲದಲ್ಲಿಯೂ ಅದರ ಕೊನೆಯಲ್ಲಿಯೂ ಪಶ್ಚಿಮ ಕರಾವಳಿಯಲ್ಲಿ ಆಳದ, ಆಮ್ಲಜನಕ ಕಡಿಮೆಯಿರುವ ನೀರು ಸಹಜವಾಗಿಯೇ ದಡದತ್ತ ಏರಿಬರುತ್ತದೆ. ಚರಂಡಿಯ ಸಾರಜನಕದಿಂದ ಪಾಚಿ ಹೆಚ್ಚಿ ಕೊಳೆತರೆ ಆ ಕೊರತೆ ಇನ್ನಷ್ಟು ತೀವ್ರವಾಗುತ್ತದೆ. ಆದ್ದರಿಂದ ಸತ್ತ ಮೀನಿನ ಎಣಿಕೆಯನ್ನೇ ಅಳತೆಗೋಲು ಮಾಡಿಕೊಂಡಿರುವುದು ಎರಡೂ ದಿಕ್ಕಿನಲ್ಲಿ ತಪ್ಪು.

ಅಳಿವೆಬದಿ:
ಇಬ್ಬರಿಗೂ ಧನ್ಯವಾದಗಳು. ಮಾದರಿಯನ್ನು ಹೇಗೆ ಕಾಪಾಡಿಕೊಳ್ಳಬೇಕು? ಈ ಮೀನನ್ನು ತಿನ್ನಬಹುದೇ?

ಮತ್ಸ್ಯಪಾಠಿ:
ಫ್ರೀಜರಿನಲ್ಲಿ ಇಡಬೇಡಿ, ಹೆಪ್ಪುಗಟ್ಟಿದರೆ ಜೀವಕೋಶಗಳು ಒಡೆದು ಪರೀಕ್ಷೆಗೆ ಉಪಯೋಗವಿಲ್ಲದಂತಾಗುತ್ತವೆ. ಐಸಿನಲ್ಲಿಟ್ಟು ಅದೇ ದಿನ ಮಂಗಳೂರಿನ ಮೀನುಗಾರಿಕಾ ಕಾಲೇಜಿಗೆ ಒಯ್ಯುವುದು ಒಳ್ಳೆಯದು; ಮಾದರಿ ಕೆಡದಂತೆ ಅದ್ದಿಡುವ ಫಾರ್ಮಲಿನ್ ದ್ರಾವಣ ವಿಷವಾದ್ದರಿಂದ ಆ ಕೆಲಸವನ್ನು ಅವರಿಗೇ ಬಿಡಿ. ಮುಖ್ಯವಾಗಿ, ಗಂಟಿರುವ ಮೀನುಗಳನ್ನಷ್ಟೇ ಆರಿಸಿಕೊಂಡು ಹೋಗಬೇಡಿ. ಅಳಿವೆಯಿಂದ ಇಪ್ಪತ್ತು, ಅಲ್ಲಿಂದ ದೂರದ ಶುಭ್ರವಾದ ಕಡಲಿನಿಂದ ಅದೇ ಗಾತ್ರದ ಇಪ್ಪತ್ತು ಮೀನುಗಳನ್ನು ಕೈಗೆ ಬಂದಂತೆ ತೆಗೆದು, ಸ್ಥಳ, ದಿನಾಂಕ ಮತ್ತು ಉದ್ದವನ್ನು ಬರೆದಿಡಿ. ಹೋಲಿಕೆಯಿಲ್ಲದಿದ್ದರೆ ನಿಮ್ಮ ದೂರನ್ನು ಯಾರು ಬೇಕಾದರೂ ತಳ್ಳಿಹಾಕಬಹುದು.

ಹುಣ್ಣಾದ ಮೀನನ್ನೂ ಗಂಟು ಕಂಡ ಮೀನನ್ನೂ ತಿನ್ನಬೇಡಿ. ಉಳಿದವುಗಳ ಯಕೃತ್ತು ಮತ್ತು ಕರುಳನ್ನು ಎಸೆಯಿರಿ. ಮೀನಿಗಿಂತ ನನಗೆ ಮರುವಾಯಿಯದೇ (ಕೆಸರಿನಲ್ಲಿ ಬದುಕುವ ಚಿಪ್ಪುಜೀವಿಯದೇ) ಹೆಚ್ಚು ಚಿಂತೆ. ಈ ಹೈಡ್ರೋಕಾರ್ಬನ್‌ಗಳನ್ನು ಮೀನಿನಷ್ಟು ಚೆನ್ನಾಗಿ ಒಡೆಯುವ ಶಕ್ತಿ ಅದಕ್ಕಿಲ್ಲವಾದ್ದರಿಂದ ಅವು ಅದರ ಮಾಂಸದಲ್ಲಿಯೇ ಶೇಖರವಾಗುತ್ತವೆ.

ಅಳಿವೆಬದಿ:
ಮರುವಾಯಿಯನ್ನು ನಮ್ಮ ಮಕ್ಕಳೇ ಅಳಿವೆಯಲ್ಲಿ ಹೆಕ್ಕಿ ತರುತ್ತಾರೆ. ಇಂದೇ ಅದನ್ನು ನಿಲ್ಲಿಸುತ್ತೇನೆ. ಮುಂದಿನ ಬಲೆಯ ದಿನ ನೀವು ಹೇಳಿದಂತೆ ಎರಡೂ ಕಡೆಯ ಮೀನು ತೆಗೆದುಕೊಂಡು ಮಂಗಳೂರಿಗೆ ಹೋಗಿ, ಅವರು ಹೇಳಿದ್ದನ್ನು ಇಲ್ಲಿ ಬರೆಯುತ್ತೇನೆ.