ಕೆ3ಎಸ್ ನಿಲ್ಲಿಸಿದರೂ ಕಂಟೇನರ್ ನಿಲ್ಲುತ್ತಿಲ್ಲ. ಅನುಭವ ಇರೋರು ಹೇಳಿ

ರಾಜಾಜಿನಗರದಿಂದ: ಆಫೀಸಿನಲ್ಲಿ ಇರೋದು ಒಂದೇ ಸರ್ವರ್, ಅದರಲ್ಲಿ ಕೆ3ಎಸ್ (ಕಂಟೇನರ್, ಅಂದರೆ ಬೇರೆಬೇರೆಯಾಗಿ ಕಟ್ಟಿಟ್ಟ ಪ್ರೋಗ್ರಾಂ ಓಡಿಸೋ ಕ್ಯೂಬರ್ನೆಟಿಸ್‌ನ ಚಿಕ್ಕ ರೂಪ). ಶನಿವಾರ ರ‍್ಯಾಮ್ ಹಾಕಿಸಬೇಕು. ‘ಸಿಸ್ಟಮ್‌ಸಿಟಿಎಲ್ ಸ್ಟಾಪ್ ಕೆ3ಎಸ್’ ಕೊಟ್ಟೆ. ಸರ್ವೀಸ್ ನಿಂತಿದೆ ಅಂತ ತೋರಿಸುತ್ತೆ, ಸೈಟ್ ಮಾತ್ರ ಓಡ್ತಾನೇ ಇದೆ. ನೀವೆಲ್ಲ ಹೇಗೆ ನಿಲ್ಲಿಸಿ ಮತ್ತೆ ಶುರು ಮಾಡ್ತೀರಿ?

ಪೀಣ್ಯ ನೈಟ್ ಶಿಫ್ಟ್: ಇದೇ ಗುಂಡಿಗೆ ನಾನೂ ಬಿದ್ದಿದ್ದೇನೆ ಸರ್. ನಮ್ಮದು ಮಷಿನ್ ಶಾಪ್ ಬಿಲ್ಲಿಂಗ್. ಸ್ಟಾಪ್ ಕೊಟ್ಟೆ, ನಿಂತಿತು ಅಂದುಕೊಂಡು ಪೋಸ್ಟ್‌ಗ್ರೆಸ್ ಡೇಟಾಬೇಸಿನ ಫೋಲ್ಡರನ್ನು ಹೊಸ ಡಿಸ್ಕಿಗೆ ಕಾಪಿ ಮಾಡಿದೆ. ಹಳೇದನ್ನು ಫಾರ್ಮ್ಯಾಟ್ ಮಾಡಿಬಿಟ್ಟೆ. ಕಾಪಿ ಆಗುವಾಗಲೂ ಡೇಟಾಬೇಸ್ ಬರೀತಾನೇ ಇತ್ತು! ಹೊಸ ಡಿಸ್ಕಿನಲ್ಲಿ ಅದು ಏಳಲೇ ಇಲ್ಲ. ಎಸ್.ಪಿ. ರೋಡಿನಿಂದ ತಂದ ಎಸ್‌ಎಸ್‌ಡಿಗೆ 6,800 ರೂಪಾಯಿ, ಡೇಟಾ ತೆಗೆದುಕೊಟ್ಟವರಿಗೆ 32,000. ಆದರೂ 3 ದಿನದ ಬಿಲ್ ಸಿಗಲಿಲ್ಲ. ಚಲನ್‌ಗಳ ಕಾರ್ಬನ್ ಕಾಪಿ ನೋಡಿಕೊಂಡು ನಾನೂ ಅಕೌಂಟ್ಸ್ ಮೇಡಮ್ಮೂ ಭಾನುವಾರ ಪೂರ್ತಿ ಟೈಪ್ ಮಾಡಿದೆವು. ನೀಲಿ ಅಕ್ಷರ ಮಾಸಿ 1 ಯಾವುದು, 7 ಯಾವುದು ಗೊತ್ತಾಗ್ತಿರಲಿಲ್ಲ. ಈಗ ‘ಕೆ3ಎಸ್-ಕಿಲ್‌ಆಲ್’ ಸ್ಕ್ರಿಪ್ಟ್ (ಎಲ್ಲ ಕಂಟೇನರನ್ನೂ ಕೊಲ್ಲೋದು) ಓಡಿಸದೆ ಏನನ್ನೂ ಮುಟ್ಟಲ್ಲ. ಆಮೇಲೆ ಸ್ಟಾರ್ಟ್ ಕೊಟ್ಟರೆ ಪಾಡ್‌ಗಳು (ಒಟ್ಟಿಗೆ ಓಡೋ ಕಂಟೇನರ್ ಗುಂಪುಗಳು) ತಾವೇ ಬರ್ತವೆ.

ಕೋರಮಂಗಲ ಆನ್‌ಕಾಲ್: ದಯವಿಟ್ಟು ಹೊಸಬರಿಗೆ ಕಿಲ್‌ಆಲ್ ಹೇಳಿಕೊಡಬೇಡಿ. ಅದು ಹೊಡೆಯೋದು ‘ಕಿಲ್ -9’, ಹೇಳದೆ ಕೇಳದೆ ತಕ್ಷಣ ಸಾಯಿಸೋ ಕಮಾಂಡ್. ಪಾಡ್‌ಗೆ ಕೆಲಸ ಮುಗಿಸಿ ನಿಲ್ಲೋಕೆ ಮಾಮೂಲಿ ಸಿಗೋ 30 ಸೆಕೆಂಡೂ ಸಿಗಲ್ಲ. ಮೊದಲು ಎಲ್ಲಾನೂ ಸೊನ್ನೆಗೆ ಸ್ಕೇಲ್ ಮಾಡಿ (ಓಡಬೇಕಾದ ಪಾಡ್ ಸಂಖ್ಯೆ ಸೊನ್ನೆ ಅಂತ ಕೊಡಿ), ಪಾಡ್ ಹೋಗೋವರೆಗೆ ಕಾಯಿರಿ. ನಮ್ಮದು ಕ್ಯೂಬ್‌ಎಡಿಎಂನಿಂದ ಕಟ್ಟಿದ ಪೂರ್ತಿ ಕ್ಯೂಬರ್ನೆಟಿಸ್, 3 ಮಷಿನ್. ಒಂದೊಂದಾಗಿ ಡ್ರೇನ್ ಮಾಡಿ (ಅದರ ಪಾಡ್‌ಗಳನ್ನು ಬೇರೆ ಮಷಿನ್‌ಗೆ ಕಳಿಸಿ) ನಿಲ್ಲಿಸ್ತೀವಿ, ಇವತ್ತಿನವರೆಗೆ ಒಂದು ರೆಕಾರ್ಡೂ ಕಳೆದಿಲ್ಲ. ನನಗೆ ಪೆಟ್ಟು ಬಿದ್ದಿದ್ದು ಶುರು ಮಾಡುವಾಗ. ಸ್ವಾಪ್ (ರ‍್ಯಾಮ್ ಸಾಲದಾಗ ಬಳಸೋ ಡಿಸ್ಕ್ ಜಾಗ) ಆಫ್ ಮಾಡಿದ್ದೆ, ಬೂಟ್ ಆಗುವಾಗ ಓದೋ ಎಫ್‌ಸ್ಟ್ಯಾಬ್‌ನಲ್ಲಿ ಆ ಸಾಲು ಹಾಗೇ ಬಿಟ್ಟಿದ್ದೆ. ರೀಬೂಟ್ ಆದಮೇಲೆ ಸ್ವಾಪ್ ವಾಪಸ್ ಬಂತು, ಅದಕ್ಕೇ ಪಾಡ್ ಓಡಿಸೋ ಕ್ಯೂಬ್‌ಲೆಟ್ ಸರ್ವೀಸ್ ಏಳಲಿಲ್ಲ. ರಾತ್ರಿ 1.10ರಿಂದ 3.40ರವರೆಗೆ ನೆಟ್‌ವರ್ಕ್ ಕೆದಕುತ್ತಾ ಕೂತೆ. ಜರ್ನಲ್‌ಸಿಟಿಎಲ್‌ನಲ್ಲಿ ಸರ್ವೀಸಿನ ಲಾಗ್ ನೋಡಿದ್ದರೆ ಅಲ್ಲೇ ಬರೆದಿತ್ತು. ಆ ಎರಡೂವರೆ ಗಂಟೆ ಇನ್ನೂ ಮರೆತಿಲ್ಲ.

ಪೀಣ್ಯ ನೈಟ್ ಶಿಫ್ಟ್: 3 ಮಷಿನ್ ಕೊಡಿಸೋ ಕಂಪನಿ ನಿಮ್ಮದು. ಒಂದೇ ಸರ್ವರಿನಲ್ಲಿ ಡ್ರೇನ್ ಮಾಡಿದ ಪಾಡ್ ಎಲ್ಲಿಗೆ ಹೋಗಬೇಕು ಹೇಳಿ? ‘ಕಿಲ್ -9’ ಬಿದ್ದರೂ ಪೋಸ್ಟ್‌ಗ್ರೆಸ್ ತನ್ನ ಲಾಗ್ (ಬದಲಾವಣೆಗಳ ದಾಖಲೆ) ಓದಿಕೊಂಡು ಏಳುತ್ತೆ. ಓಡ್ತಿರುವಾಗ ಮಾಡಿದ ಕಾಪಿ ಏಳುತ್ತೆ ಅನ್ನೋ ಗ್ಯಾರಂಟಿ ಇಲ್ಲ.

ಕೋರಮಂಗಲ ಆನ್‌ಕಾಲ್: ಏಳುತ್ತೆ ಅಂತ ಸುಮ್ನೆ ಕುತ್ತಿಗೆ ಹಿಸುಕೋದಾ? ಸ್ಕೇಲ್ ಮಾಡೋಕೆ ಮಷಿನ್ ಎಷ್ಟಿದ್ದರೇನು?

ಮಲ್ಲೇಶ್ವರ: ಒಂದು ಸರ್ವರಿಗೆ ಇಷ್ಟೆಲ್ಲ ಯಾಕೆ ಅಂತ ನಾನು ಕೆ3ಎಸ್ ಬಿಟ್ಟು ಕಂಟೇನರ್ ಓಡಿಸೋ ಸರಳ ದಾರಿಯಾದ ಡಾಕರ್ ಕಂಪೋಸ್‌ಗೆ ಬಂದೆ. ನೆಮ್ಮದಿಯಾಗಿದ್ದೇನೆ. ಡಾಕರ್ ಸರ್ವೀಸ್ ನಿಲ್ಲಿಸಿದರೂ ‘ಡಾಕರ್.ಸಾಕೆಟ್’ ಅದನ್ನು ಮತ್ತೆ ಎಬ್ಬಿಸುತ್ತೆ, ಎರಡನ್ನೂ ನಿಲ್ಲಿಸಬೇಕು. ಅದೊಂದು ಕಲಿಯೋಕೆ ಒಂದು ಸಂಜೆ ಹೋಯ್ತು.

ಪೀಣ್ಯ ನೈಟ್ ಶಿಫ್ಟ್: ಬಿಟ್ಟು ಹೋದವರು ಬುದ್ಧಿ ಹೇಳೋದು ಸುಲಭ. ನಾನು 8 ತಿಂಗಳು ರಾತ್ರಿ ನಿದ್ದೆಗೆಟ್ಟು ಕಲಿತಿದ್ದೇನೆ ಸ್ವಾಮಿ.

ಮಲ್ಲೇಶ್ವರ: ನಾನೇನು ಕಲೀದೆ ಬಿಟ್ಟೆನಾ? ಒಂದೂವರೆ ವರ್ಷ ಓಡಿಸಿದ್ದೇನೆ.

ರಾಜಾಜಿನಗರದಿಂದ: ಕೆ3ಎಸ್ ಮತ್ತೆ ಶುರು ಮಾಡಿ ಸೊನ್ನೆಗೆ ಸ್ಕೇಲ್ ಮಾಡಿದೆ, ಸೈಟ್ ನಿಂತಿತು. ಥ್ಯಾಂಕ್ಸ್. ಆದರೆ ಮೊದಲು ಯಾವುದರ ಪಾಡ್ ಎಷ್ಟಿತ್ತು ಅಂತ ಬರೆದಿಟ್ಟುಕೊಳ್ಳಲಿಲ್ಲ. ಈಗ ಎಲ್ಲಿ ನೋಡಲಿ?